ಪ್ರಶಸ್ತಿಯ ಫೈಲು, ಹರಿದ ಕಾರ್ಡು: ಶಿಕ್ಷಣ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಶಾಲಾ ಶಿಕ್ಷಣ ಸಚಿವರಿಗೆ ನಮಸ್ಕಾರ.

ನಾನು ಮೈಸೂರು ಸೀಮೆಯ ಹಳ್ಳಿ ಶಾಲೆಗಳಲ್ಲಿ ಮೂವತ್ತೊಂದು ವರ್ಷ ಪಾಠ ಮಾಡಿ ನಿವೃತ್ತಿಯಾದ ಟೀಚರ್. ಪಿಂಚಣಿ ಬರುತ್ತಿದೆ. ಮೊಣಕಾಲು ನೋವು ಬಿಟ್ಟರೆ ಆರೋಗ್ಯವೂ ಪರವಾಗಿಲ್ಲ. ನನಗಾಗಿ ಕೇಳುವುದು ಏನೂ ಇಲ್ಲದ್ದರಿಂದ ಸ್ವಲ್ಪ ಸಲೀಸಾಗಿ ಮಾತಾಡುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಪ್ರತಿ ವರ್ಷ ಸೆಪ್ಟೆಂಬರ್ 5 ಹತ್ತಿರ ಬಂದ ಹಾಗೆ ನಮ್ಮ ಕಡೆ ಒಂದು ಸಡಗರ ಶುರುವಾಗುತ್ತದೆ. ಉತ್ತಮ ಶಿಕ್ಷಕ ಪ್ರಶಸ್ತಿಯ ಸಡಗರ. ಪ್ರಶಸ್ತಿ ಬೇಕಾದವರು ತಾವೇ ಅರ್ಜಿ ಹಾಕಬೇಕು. 'ನಾನು ಒಳ್ಳೆಯ ಟೀಚರ್' ಎಂದು ನಾನೇ ಬರೆದು, ಅದಕ್ಕೆ ಫೋಟೋ, ಪೇಪರ್ ಕಟಿಂಗ್, ಪ್ರಮಾಣಪತ್ರ ಎಲ್ಲ ಲಗತ್ತಿಸಿ ಕೊಡಬೇಕು. ಒಂದು ವರ್ಷ ನಮ್ಮ ಹೆಡ್ ಮಾಸ್ಟರ್ ಬಿಡಲೇ ಇಲ್ಲ. 'ಹಾಕಿ ಮೇಡಂ, ಶಾಲೆಗೂ ಹೆಸರು' ಎಂದರು. ಹಾಕಿದೆ.

ಎರಡು ವಾರ ಆ ಫೈಲಿನ ಹಿಂದೆಯೇ ಓಡಾಡಿದೆ. ಗಿಡ ನೆಡುವ ಫೋಟೋ ಬೇಕು ಎಂದರು, ಒಂದು ಹೊಂಗೆ ಸಸಿ ತರಿಸಿ ನೆಟ್ಟು ಫೋಟೋ ತೆಗೆಸಿದೆವು. ಬೇಸಿಗೆಗೆ ಸಸಿ ಒಣಗಿತು. ಫೋಟೋ ಈಗಲೂ ಇದೆ. ಆ ಎರಡು ವಾರ ನನ್ನ ಮೂರನೇ ಕ್ಲಾಸಿನ ಮಕ್ಕಳು ಏನು ಮಾಡಿದರು ಗೊತ್ತಾ? ಕಾಪಿ ಬರೆದರು. ಕೊನೆಗೆ ತಾಲ್ಲೂಕು ಮಟ್ಟದ ಪ್ರಶಸ್ತಿ ಬಂತು. ಒಂದು ಶಾಲು, ಒಂದು ಹಾರ, ಹಣ್ಣಿನ ಬುಟ್ಟಿ, ಚೌಕಟ್ಟು ಹಾಕಿದ ಕಾಗದ. ಅರ್ಜಿ ಹಾಕಿದ ದಿನದಿಂದ ಹಾರ ಬೀಳುವ ದಿನದವರೆಗೆ ಒಬ್ಬರೂ ನನ್ನ ಕ್ಲಾಸಿಗೆ ಬಂದು ಒಂದು ಮಗುವಿನ ಕೈಗೆ ಪುಸ್ತಕ ಕೊಟ್ಟು 'ಓದು ಮರಿ' ಎಂದಿರಲಿಲ್ಲ. ಬಹುಮಾನ ಬಂದದ್ದು ಫೈಲಿಗೆ. ನಾನು ಅದನ್ನು ಹೊತ್ತುಕೊಂಡು ವೇದಿಕೆ ಹತ್ತಿದೆ, ಅಷ್ಟೇ.

ಅದೇ ಆಸುಪಾಸಿನಲ್ಲಿ ನಮ್ಮ ಶಾಲೆಗೆ ಒಬ್ಬ ಹುಡುಗ ಬಂದ. ಅಪ್ಪ ಅಮ್ಮ ಕೊಡಗಿನ ಕಾಫಿ ತೋಟದಲ್ಲಿ ಕೂಲಿ ಮಾಡಿಕೊಂಡಿದ್ದವರು, ಆ ವರ್ಷ ಊರಿಗೆ ಮರಳಿದ್ದರು. ವಯಸ್ಸಿಗೆ ತಕ್ಕಂತೆ ನಾಲ್ಕನೇ ಕ್ಲಾಸಿಗೆ ಸೇರಿಸಿಕೊಂಡೆವು. ಅ ಆ ಗೊತ್ತಿರಲಿಲ್ಲ. ಮಧ್ಯಾಹ್ನದ ಊಟ ಆದ ಮೇಲೆ ಅರ್ಧ ಗಂಟೆ ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಒಂದನೇ ಕ್ಲಾಸಿನ ಕಾರ್ಡುಗಳಿಂದ ಶುರು ಮಾಡಿದೆ. ಮಾರ್ಚ್ ಹೊತ್ತಿಗೆ ಒಂದು ದಿನ ಊರ ಮುಂದೆ ಬಸ್ಸು ನಿಂತಾಗ ಬೋರ್ಡು ನೋಡಿ 'ಹು-ಣ-ಸೂ-ರು' ಎಂದು ಜೋರಾಗಿ ಕೂಗಿದ. ಡ್ರೈವರ್ ನಕ್ಕರು. ನನಗೆ ಕಣ್ಣಲ್ಲಿ ನೀರು.

ದಾಖಲೆಯಲ್ಲಿ ಆ ಹುಡುಗ 'ಸಿ' ಗ್ರೇಡ್. ಅವನ ಪಕ್ಕ ಕೂರುತ್ತಿದ್ದ, ಮನೆಯಲ್ಲೇ ಅಕ್ಕನಿಂದ ಓದು ಕಲಿತು ಬಂದಿದ್ದ ಹುಡುಗಿ 'ಎ ಪ್ಲಸ್'. ನಿಮ್ಮ ಇಲಾಖೆಯ ಲೆಕ್ಕದಲ್ಲಿ ಆ ಹುಡುಗಿಗೆ ನಾನು ಒಳ್ಳೆಯ ಟೀಚರ್, ಈ ಹುಡುಗನಿಗೆ ಕೆಟ್ಟ ಟೀಚರ್. ನಿಜ ಹೇಳಬೇಕೆಂದರೆ ಆ ಹುಡುಗಿಗೆ ನಾನು ಮಾಡಿದ್ದು ಬಹಳ ಕಡಿಮೆ.

ಸರ್, ಈ ಪತ್ರದಲ್ಲಿ ನನಗೆ ಹೇಳಬೇಕಾಗಿರುವುದು ಇದನ್ನೇ. ಟೀಚರಿಗೆ ಬಹುಮಾನ ಕೊಡುವುದಾದರೆ ಮಗು ಎಲ್ಲಿ ನಿಂತಿದೆ ಎಂದು ನೋಡಬೇಡಿ. ಎಲ್ಲಿಂದ ಹೊರಟು ಎಷ್ಟು ದೂರ ಬಂತು ಎಂದು ನೋಡಿ. ಆ ದೂರ ನಡೆಸಲು ನಮಗೆ ಹೊತ್ತು ಬೇಕು, ಸಾಮಾನು ಬೇಕು, ಜೊತೆಗೊಬ್ಬರು ಬೇಕು. ಅದನ್ನು ಮೊದಲು ಕೊಡಿ.

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ದಿನ ಟಿವಿ ನೋಡುತ್ತೀರಲ್ಲ? 2024ರಲ್ಲಿ ಉಡುಪಿ ಮೊದಲು, ಯಾದಗಿರಿ ಕೊನೆ. 2025ರಲ್ಲಿ ದಕ್ಷಿಣ ಕನ್ನಡ ಮೊದಲು, ಕಲಬುರಗಿ ಕೊನೆ. ಎರಡು ವರ್ಷವೂ ಮೇಲೆ ಕರಾವಳಿ, ಕೆಳಗೆ ಕಲ್ಯಾಣ ಕರ್ನಾಟಕ. ಹಾಗಾದರೆ ಒಳ್ಳೆಯ ಮೇಷ್ಟ್ರುಗಳೆಲ್ಲ ಕರಾವಳಿಯಲ್ಲೇ ಹುಟ್ಟುತ್ತಾರಾ? ಹತ್ತಿ ಬಿಡಿಸುವ ಕಾಲಕ್ಕೆ ಅರ್ಧ ಕ್ಲಾಸೇ ಹೊಲಕ್ಕೆ ಹೋಗುವ ಊರಲ್ಲಿ, ಇದ್ದ ಮಕ್ಕಳನ್ನು ಹಿಡಿದು ಕೂರಿಸಿ ನೂರಕ್ಕೆ ಐವತ್ತು ಜನರನ್ನು ದಡ ಮುಟ್ಟಿಸಿದ ಯಾದಗಿರಿಯ ಗಣಿತ ಮೇಷ್ಟ್ರಿಗೆ ಸಿಗುವುದು ಕಾರಣ ಕೇಳುವ ನೋಟಿಸು. ಇದು ಯಾವ ನ್ಯಾಯ?

ನೀವು ಕೇಳಬಹುದು: ಬಹುಮಾನದಿಂದ ಮಕ್ಕಳ ಕಲಿಕೆ ನಿಜಕ್ಕೂ ಹೆಚ್ಚುತ್ತದಾ? ನಾನೂ ಬಹಳ ದಿನ 'ಇಲ್ಲ' ಎಂದೇ ವಾದಿಸುತ್ತಿದ್ದೆ. ದುಡ್ಡಿಗೋಸ್ಕರ ಪಾಠ ಮಾಡುವುದು ಅಂದರೆ ಏನೋ ಒಂಥರಾ ಅನಿಸುತ್ತಿತ್ತು. ಸಂಬಳ ಮಾತ್ರ ತಿಂಗಳು ತಿಂಗಳು ಎಣಿಸಿಕೊಳ್ಳುತ್ತಿದ್ದೆ, ಅದು ಬೇರೆ ಮಾತು! ಆಮೇಲೆ ನನ್ನ ಮಗ ಪಕ್ಕದ ಆಂಧ್ರದಲ್ಲಿ ನಡೆದ ಒಂದು ಪ್ರಯೋಗದ ಬಗ್ಗೆ ಓದಿ ಹೇಳಿದ. ಅದು ನನ್ನ ಮನಸ್ಸನ್ನು ಸ್ವಲ್ಪ ಬದಲಿಸಿತು. ಅದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಆಗಿನ್ನೂ ಆಂಧ್ರ ಒಡೆದಿರಲಿಲ್ಲ. 2005ರಲ್ಲಿ ಕಾರ್ತಿಕ್ ಮುರಳೀಧರನ್ ಮತ್ತು ವೆಂಕಟೇಶ್ ಸುಂದರರಾಮನ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು ಹಳ್ಳಿಗಳ 300 ಸರ್ಕಾರಿ ಪ್ರಾಥಮಿಕ ಶಾಲೆಗಳನ್ನು ಚೀಟಿ ಎತ್ತಿದ ಹಾಗೆ ಮೂರು ಗುಂಪು ಮಾಡಿದರು. ನೂರು ಶಾಲೆಗಳಲ್ಲಿ ಒಬ್ಬೊಬ್ಬ ಟೀಚರಿಗೂ ಅವರವರ ಮಕ್ಕಳ ಪ್ರಗತಿ ನೋಡಿ ಬೋನಸ್. ನೂರು ಶಾಲೆಗಳಲ್ಲಿ ಇಡೀ ಶಾಲೆಗೆ ಸೇರಿಸಿ ಬೋನಸ್. ಉಳಿದ ನೂರರಲ್ಲಿ ಏನೂ ಇಲ್ಲ. ಶಾಲೆಗಳಲ್ಲಿ ಇದನ್ನು ನಡೆಸಿದ್ದು ಅಜೀಂ ಪ್ರೇಮ್‌ಜಿ ಫೌಂಡೇಶನ್. ಪರೀಕ್ಷೆ ಮಾಡಿದವರು ಆ ಶಾಲೆಯ ಟೀಚರುಗಳಲ್ಲ, ಹೊರಗಿನವರು. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಲೆಕ್ಕ ಹೀಗಿತ್ತು. ಹಿಂದಿನ ಸಲ ಮಕ್ಕಳ ಸರಾಸರಿ ಎಷ್ಟಿತ್ತು, ಈ ಸಲ ಎಷ್ಟಾಯಿತು ಎಂದು ನೋಡುವುದು. ಏರಿಕೆಯಲ್ಲಿ ಮೊದಲ ಐದು ಅಂಕ ಬಿಟ್ಟು, ಅದರ ಮೇಲಿನ ಪ್ರತಿ ಅಂಕಕ್ಕೆ 500 ರೂಪಾಯಿ. ಉಡುಪಿಯೋ ಯಾದಗಿರಿಯೋ ಎಂಬ ಪ್ರಶ್ನೆಯೇ ಬರುವುದಿಲ್ಲ ನೋಡಿ. ಒಟ್ಟಾರೆ ಕೊಟ್ಟ ದುಡ್ಡು ಸರಾಸರಿ ವರ್ಷದ ಸಂಬಳದ ನೂರಕ್ಕೆ ಮೂರರಷ್ಟು ಮಾತ್ರ. ಎರಡು ವರ್ಷ ಆದ ಮೇಲೆ ಬೋನಸ್ ಇದ್ದ ಶಾಲೆಗಳ ಮಕ್ಕಳು ಗಣಿತದಲ್ಲೂ ಭಾಷೆಯಲ್ಲೂ ಮುಂದಿದ್ದರು. ನೂರು ಮಕ್ಕಳನ್ನು ಜಾಣತನದ ಸಾಲಿನಲ್ಲಿ ನಿಲ್ಲಿಸಿದರೆ, ಸರಿ ಮಧ್ಯದಲ್ಲಿದ್ದ ಮಗು ಗಣಿತದಲ್ಲಿ ಸುಮಾರು ಹತ್ತು ಜನರನ್ನು ದಾಟಿ ಮುಂದೆ ಹೋದಂತೆ. ಬೋನಸ್ಸಿಗೆ ಸೇರದ ವಿಜ್ಞಾನ, ಸಮಾಜದಲ್ಲೂ ಆ ಮಕ್ಕಳೇ ಮುಂದು. ಓದಲು ಬಂದರೆ ಉಳಿದದ್ದೂ ಬರುತ್ತದೆ, ಅದು ನಮಗೆ ಗೊತ್ತಿದ್ದದ್ದೇ.

ಇನ್ನೊಂದು ವಿಷಯ ನನಗೆ ಚುಚ್ಚಿತು. ಟೀಚರುಗಳ ಗೈರುಹಾಜರಿ ಕಡಿಮೆಯಾಗಲಿಲ್ಲವಂತೆ. ಬರುವವರು ಬಂದರು, ಬರದವರು ಬರಲಿಲ್ಲ. ಆದರೆ ಬಂದವರು ಜಾಸ್ತಿ ಹೋಂವರ್ಕ್ ಕೊಟ್ಟರು, ಶಾಲೆ ಬಿಟ್ಟ ಮೇಲೂ ಪಾಠ ಮಾಡಿದರು, ಹಿಂದುಳಿದ ಮಕ್ಕಳ ಕಡೆ ಗಮನ ಕೊಟ್ಟರು. ಇದೇ ಪ್ರಯೋಗದ ಇನ್ನೊಂದು ಭಾಗದಲ್ಲಿ ಬೇರೆ ಶಾಲೆಗಳಿಗೆ ಬೋನಸ್ ಇಲ್ಲದೆ ಬರೀ ವರದಿ ಕೊಟ್ಟರು. ನಿಮ್ಮ ಮಕ್ಕಳು ಎಲ್ಲಿ ಹಿಂದಿದ್ದಾರೆ, ಏನು ಮಾಡಬಹುದು ಎಂಬ ಚೆಂದದ ವರದಿ. ನೋಡಲು ಯಾರಾದರೂ ಬಂದಾಗ ಟೀಚರುಗಳು ಚುರುಕಾಗಿ ಪಾಠ ಮಾಡಿದರು. ಮಕ್ಕಳ ಅಂಕ ಮಾತ್ರ ಅಲ್ಲಾಡಲಿಲ್ಲ. ಸರ್, ನಮ್ಮ ಇಲಾಖೆ ವರ್ಷವಿಡೀ ಕೊಡುವ ಸುತ್ತೋಲೆ, ತರಬೇತಿ, ವರದಿಗಳ ಬಗ್ಗೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಾ?

ಐದು ವರ್ಷ ನೋಡಿದಾಗ ಒಬ್ಬೊಬ್ಬರಿಗೆ ಕೊಟ್ಟ ಬೋನಸ್ ಕೆಲಸ ಮಾಡುತ್ತಲೇ ಹೋಯಿತು, ಇಡೀ ಶಾಲೆಗೆ ಸೇರಿಸಿ ಕೊಟ್ಟದ್ದು ಮಂಕಾಯಿತು. ಅದು ಯಾಕೆ ಎಂದು ಸ್ಟಾಫ್ ರೂಮಿನಲ್ಲಿ ಕೂತವರಿಗೆಲ್ಲ ಗೊತ್ತು. ಎಲ್ಲರಿಗೂ ಸೇರಿದ ಕೆಲಸ ಯಾರ ಕೆಲಸವೂ ಅಲ್ಲ.

ಹಾಗಂತ ನಾಳೆಯೇ ಆದೇಶ ಹೊರಡಿಸಿಬಿಡಬೇಡಿ. ಕೀನ್ಯಾದಲ್ಲಿ ಜಿಲ್ಲಾ ಪರೀಕ್ಷೆಯ ಅಂಕ ನೋಡಿ ಟೀಚರುಗಳಿಗೆ ಬಹುಮಾನ ಕೊಟ್ಟಾಗ ಅವರು ಪರೀಕ್ಷೆಗೆ ತಯಾರು ಮಾಡುವ ಕ್ಲಾಸುಗಳನ್ನು ಹೆಚ್ಚಿಸಿದರು, ಅಂಕ ಏರಿತು, ಬಹುಮಾನ ನಿಂತ ಮೇಲೆ ಏರಿದ್ದು ಇಳಿಯಿತು. ನ್ಯೂಯಾರ್ಕ್ ನಗರ 2007ರಿಂದ ಮೂರು ವರ್ಷ ಶಾಲೆಗಳಿಗೆ ಬೋನಸ್ ಕೊಟ್ಟು, ಏನೂ ಪ್ರಯೋಜನ ಕಾಣದೆ ಕೈಬಿಟ್ಟಿತು. ಇನ್ನೂ ಹಳೆಯ ಕಥೆ ಇಂಗ್ಲೆಂಡಿನದು. ಅಲ್ಲಿ 1862ರಲ್ಲಿ ಮಕ್ಕಳು ಓದು, ಬರಹ, ಲೆಕ್ಕದಲ್ಲಿ ಪಾಸಾದರೆ ಮಾತ್ರ ಶಾಲೆಗೆ ದುಡ್ಡು ಎಂಬ ನಿಯಮ ತಂದರು. ಇನ್‌ಸ್ಪೆಕ್ಟರ್ ಬರುವ ದಿನಕ್ಕೆ ಮಕ್ಕಳಿಗೆ ಪುಸ್ತಕವನ್ನೇ ಬಾಯಿಪಾಠ ಮಾಡಿಸುತ್ತಿದ್ದರಂತೆ. ಪುಸ್ತಕ ತಲೆಕೆಳಗಾಗಿ ಹಿಡಿದರೂ ಮಗು ಗಡಗಡ ಓದುವುದನ್ನು ನಾನೇ ನಮ್ಮ ಕಡೆ ನೋಡಿದ್ದೇನೆ. ನಗು ಬರುತ್ತದೆ, ಆಮೇಲೆ ಹೊಟ್ಟೆ ಉರಿಯುತ್ತದೆ.

ನಮ್ಮ ಮನೆಯ ಕಥೆಯನ್ನೇ ನೋಡೋಣ. 2023ರಲ್ಲಿ ಎಸ್ಸೆಸ್ಸೆಲ್ಸಿ ಪಾಸಾದವರು ನೂರಕ್ಕೆ 83.89. ಮುಂದಿನ ವರ್ಷ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಬಂತು, ವೆಬ್‌ಕಾಸ್ಟಿಂಗ್ ಆಯಿತು. ಪಾಸಾದವರು 73.40ಕ್ಕೆ ಇಳಿದರು. ಅದೂ ಗ್ರೇಸ್ ಮಾರ್ಕನ್ನು ದುಪ್ಪಟ್ಟು ಮಾಡಿ, ಶೇಕಡಾ 20ಕ್ಕೆ ಏರಿಸಿದ ಮೇಲೆ. ಒಂದೇ ವರ್ಷದಲ್ಲಿ ಮಕ್ಕಳು ದಡ್ಡರಾದರಾ? ಇಲ್ಲ ತಾನೇ. ಹಿಂದಿನ ಅಂಕಗಳಲ್ಲಿ ಎಷ್ಟು ಕಲಿಕೆ ಇತ್ತು, ಎಷ್ಟು ಕಾಪಿ ಇತ್ತು ಎಂಬುದು ಬಯಲಾಯಿತು. ಫಲಿತಾಂಶ ಕಡಿಮೆ ಬಂದರೆ ನೋಟಿಸು ಎಂದು ಹೆದರಿಸಿದಾಗಲೇ ಹೀಗೆ. ಫಲಿತಾಂಶ ಜಾಸ್ತಿ ಬಂದರೆ ದುಡ್ಡು ಎಂದರೆ ಇನ್ನು ಹೇಗಿರಬಹುದು! ಹೊರಗಿನವರು ಬಂದು ಮಕ್ಕಳನ್ನು ನೇರವಾಗಿ ಓದಿಸಿ ನೋಡದ ಯಾವ ಬಹುಮಾನವೂ ಬೇಡ. ಆಂಧ್ರದಲ್ಲಿ ಅದು ನಡೆದದ್ದೇ ಹಾಗೆ ನೋಡಿದ್ದರಿಂದ. ಕ್ಯಾಮೆರಾ ಹಾಕಿಸಿದ್ದಕ್ಕೆ ನಿಮ್ಮ ಇಲಾಖೆಗೆ ಬಹಳ ಬೈಗುಳ ಬಿತ್ತು. ನಾನು ಮಾತ್ರ ಮೆಚ್ಚಿದೆ.

ಈಗ ನನಗೆ ಇಷ್ಟವಾದ ವಿಷಯಕ್ಕೆ ಬರುತ್ತೇನೆ.

1995ರಲ್ಲಿ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ ನಲಿಕಲಿ ಶುರುವಾಯಿತು, ಅಂದರೆ ಚಿಕ್ಕ ಮಕ್ಕಳು ಕಾರ್ಡು ಹಿಡಿದು ನಲಿಯುತ್ತಾ ಕಲಿಯುವ ಪದ್ಧತಿ. ಅಲ್ಲಿನ ಟೀಚರುಗಳು ಆಂಧ್ರದ ರಿಷಿವ್ಯಾಲಿ ಶಾಲೆಗೆ ಹೋಗಿ ಬಂದರು. ಒಬ್ಬರೇ ಟೀಚರು, ಮೂರ್ನಾಲ್ಕು ಕ್ಲಾಸಿನ ಮಕ್ಕಳು ಒಂದೇ ಕೋಣೆ, ಹಾಗಿದ್ದೂ ಪ್ರತಿ ಮಗು ತನ್ನ ವೇಗದಲ್ಲಿ ಕಲಿಯುವುದನ್ನು ಅಲ್ಲಿ ಕಂಡರು. ವಾಪಸ್ ಬಂದು ಕೂತು ನಮ್ಮ ಮಕ್ಕಳಿಗೆ, ನಮ್ಮ ಮಾತಿಗೆ ತಕ್ಕ ಹಾಗೆ ಕಾರ್ಡು ಬರೆದರು, ಯಾವುದಾದ ಮೇಲೆ ಯಾವುದನ್ನು ಕಲಿಯಬೇಕು ಎಂದು ಮೆಟ್ಟಿಲು ಮೆಟ್ಟಿಲಾಗಿ ತೋರಿಸುವ ಕಲಿಕಾ ಏಣಿ ಮಾಡಿದರು. ಮೇಲಿನಿಂದ ಯಾರೋ ಬರೆದು ಕಳಿಸಿದ್ದಲ್ಲ. ಅದಕ್ಕೇ ಅದು ಓಡಿತು. ಅವರಲ್ಲಿ ಕೆಲವರು ಆಮೇಲೆ ನಮಗೆ ತರಬೇತಿ ಕೊಡಲು ಬಂದಿದ್ದರು. ನಮ್ಮ ಹಾಗೇ ಧೂಳು ಹಿಡಿದ ಚಪ್ಪಲಿ, ಟಿಫನ್ ಡಬ್ಬಿ. ನಾನು ನನ್ನ ಕೆಲಸದಲ್ಲಿ ಪಡೆದ ಅತಿ ಒಳ್ಳೆಯ ತರಬೇತಿ ಅದೇ. 'ಈ ಕಾರ್ಡು ಮಕ್ಕಳಿಗೆ ಹಿಡಿಸಲಿಲ್ಲ, ಹರಿದು ಹಾಕಿದೆವು' ಎಂದು ಹೇಳುವ ತರಬೇತುದಾರರನ್ನು ನಾನು ಆಮೇಲೆ ಕಂಡಿಲ್ಲ.

ನಲಿಕಲಿ ಕ್ಲಾಸಿನಲ್ಲಿ ಗುಂಪಿಗೊಂದು ತಟ್ಟೆ, ಅದರ ಸುತ್ತ ಮಕ್ಕಳು ಕೂತಿರುತ್ತಿದ್ದರು. ಒಂದು ತಟ್ಟೆಗೆ ಟೀಚರಿನ ಪೂರ್ತಿ ಸಹಾಯ ಬೇಕು, ಇನ್ನೊಂದಕ್ಕೆ ಸ್ವಲ್ಪ, ಮತ್ತೊಂದರಲ್ಲಿ ಮಕ್ಕಳೇ ಒಬ್ಬರಿಗೊಬ್ಬರು ಹೇಳಿಕೊಡುತ್ತಾರೆ. ಹತ್ತು ದಿನ ಶಾಲೆಗೆ ಬರದ ಮಗು ಬಂದರೆ ತಾನು ಬಿಟ್ಟ ಮೆಟ್ಟಿಲಿನಿಂದಲೇ ಏಣಿ ಹತ್ತುತ್ತಿತ್ತು. ಕೂಲಿ ಮಕ್ಕಳಿರುವ ಊರಿಗೆ ಇದಕ್ಕಿಂತ ಏನು ಬೇಕು ಹೇಳಿ? ಆ ಹುಣಸೂರು ಬಸ್ಸಿನ ಹುಡುಗ ಹತ್ತಿದ್ದು ಇದೇ ಏಣಿಯನ್ನು.

2009ರಲ್ಲಿ ಇದನ್ನು ಇಡೀ ರಾಜ್ಯಕ್ಕೆ ತಂದರು. ಉದ್ದೇಶ ಒಳ್ಳೆಯದೇ. ಆದರೆ ಕೋಟೆಯ ಟೀಚರುಗಳು ತಾವೇ ಮಾಡಿಕೊಂಡದ್ದು ಉಳಿದವರಿಗೆ ಆದೇಶವಾಗಿ ಬಂತು. ಕಾರ್ಡು ಹರಿದರೆ ಬದಲಿ ಕಾರ್ಡು ಬರಲು ವರ್ಷ ಹಿಡಿಯುತ್ತಿತ್ತು. ನಾನು ಹಳೆ ಕ್ಯಾಲೆಂಡರಿನ ಹಿಂಬದಿಗೆ ಸ್ಕೆಚ್ ಪೆನ್ನಿನಲ್ಲಿ ಬರೆದು ಅಂಟಿಸುತ್ತಿದ್ದೆ. ತುಂಬಬೇಕಾದ ದಾಖಲೆ ಮಾತ್ರ ಬೆಳೆಯುತ್ತಾ ಹೋಯಿತು. ನಲಿ ಹೋಯಿತು, ಕಲಿ ಹೋಯಿತು, ಬರಿ ಉಳಿಯಿತು ಎಂದು ನಮ್ಮಲ್ಲೊಬ್ಬರು ತಮಾಷೆ ಮಾಡುತ್ತಿದ್ದರು.

ಬೆಂಬಲ ಅಂದರೆ ದೊಡ್ಡ ಯೋಜನೆ ಅಲ್ಲ ಸರ್. ಹರಿದ ಕಾರ್ಡಿಗೆ ಹದಿನೈದು ದಿನದಲ್ಲಿ ಹೊಸ ಕಾರ್ಡು. ಸುತ್ತಲಿನ ಶಾಲೆಗಳ ಗುಂಪನ್ನು, ಅಂದರೆ ಕ್ಲಸ್ಟರನ್ನು, ನೋಡಿಕೊಳ್ಳುವ ಸಿಆರ್‌ಪಿ ಶಾಲೆಗೆ ಬಂದರೆ ಅಂಕಿಅಂಶ ಕೇಳದೆ, ಅರ್ಧ ದಿನ ಕೂತು, ಒಂದು ಪಾಠ ತಾವೇ ಮಾಡಿ ತೋರಿಸುವುದು. ಅವರ ಹೆಸರಿನಲ್ಲೇ ಸಂಪನ್ಮೂಲ ವ್ಯಕ್ತಿ ಎಂದಿದೆ ಅಲ್ವಾ? ಪಾಪ, ಅವರನ್ನೂ ನೀವು ಅಂಚೆಯವರನ್ನಾಗಿ ಮಾಡಿಟ್ಟಿದ್ದೀರಿ. ಬೆಳಿಗ್ಗೆ ಹತ್ತಕ್ಕೆ ವಾಟ್ಸಾಪಿನಲ್ಲಿ ನಮೂನೆ ಬರುತ್ತದೆ, ಹನ್ನೊಂದಕ್ಕೆ 'ತುರ್ತು' ಎಂದು ಕೆಂಪು ಅಕ್ಷರ ಬರುತ್ತದೆ, ಹನ್ನೆರಡಕ್ಕೆ ಮಾಹಿತಿ ಕೊಡದ ಶಾಲೆಗಳ ಪಟ್ಟಿ ಬರುತ್ತದೆ.

ಹೊತ್ತಿನ ಮಾತು ಬಂತಲ್ಲ, ಅದನ್ನೂ ಮುಗಿಸಿಬಿಡುತ್ತೇನೆ. ಶಿಕ್ಷಣ ಹಕ್ಕು ಕಾಯ್ದೆಯ 27ನೇ ಸೆಕ್ಷನ್ ಟೀಚರುಗಳನ್ನು ಬೇರೆ ಕೆಲಸಕ್ಕೆ ಹಚ್ಚಬಾರದು ಎನ್ನುತ್ತದೆ. ಹತ್ತು ವರ್ಷಕ್ಕೊಮ್ಮೆಯ ಜನಗಣತಿ, ವಿಪತ್ತು ಪರಿಹಾರ, ಚುನಾವಣೆ, ಇಷ್ಟಕ್ಕೆ ಮಾತ್ರ ವಿನಾಯಿತಿ. ಅದೇ ಕಾಯ್ದೆ ಒಂದರಿಂದ ಐದನೇ ಕ್ಲಾಸಿಗೆ ವರ್ಷಕ್ಕೆ 200 ದಿನ, ಆರರಿಂದ ಎಂಟಕ್ಕೆ 220 ದಿನ ಪಾಠ ಆಗಲೇಬೇಕು ಎನ್ನುತ್ತದೆ. 2025ರಲ್ಲಿ ಏನಾಯಿತು? ಸೆಪ್ಟೆಂಬರ್ 22ರಿಂದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಗೆ ಟೀಚರುಗಳು ಮನೆಮನೆ ಸುತ್ತಿದರು. ಮುಗಿಯಲಿಲ್ಲ ಎಂದು ದಸರಾ ರಜೆಯನ್ನೇ ಅಕ್ಟೋಬರ್ 18ರವರೆಗೆ ಎಳೆದರು. ಸಮೀಕ್ಷೆ ಬೇಡ ಎನ್ನುವವಳಲ್ಲ ನಾನು. ಆ ಲೆಕ್ಕ ಬೇಕು, ಯಾರಿಗೆ ಏನು ಸಿಕ್ಕಿಲ್ಲ ಎಂದು ಗೊತ್ತಾಗಬೇಕು. ಆದರೆ ಆ ಲೆಕ್ಕದಲ್ಲಿ ಹಿಂದುಳಿದವರು ಎಂದು ಬರೆಸಿಕೊಂಡವರ ಮಕ್ಕಳೇ ತಾನೇ ಆ ದಿನಗಳಲ್ಲಿ ಪಾಠವಿಲ್ಲದೆ ಕೂತದ್ದು? ಪಕ್ಕದ ಖಾಸಗಿ ಶಾಲೆಯ ಬಸ್ಸು ಅಷ್ಟೊತ್ತಿಗೆ ಓಡಾಡುತ್ತಿತ್ತು.

ಮೊಟ್ಟೆಯ ಬಗ್ಗೆಯೂ ಒಂದು ಮಾತು. ಮಕ್ಕಳಿಗೆ ಮೊಟ್ಟೆ ಬೇಕೇ ಬೇಕು, ಅದನ್ನು ನಿಲ್ಲಿಸಿ ಎಂದು ಯಾರಾದರೂ ಹೇಳಿದರೆ ನಾನೇ ಜಗಳಕ್ಕೆ ಬರುತ್ತೇನೆ. ಆದರೆ ಒಂದು ಮೊಟ್ಟೆಗೆ ಆರು ರೂಪಾಯಿ ಕೊಟ್ಟು, ಅದರಲ್ಲೇ ಬೇಯಿಸುವ ಖರ್ಚೂ ಇದೆ ಎಂದು, ಅಂಗಡಿಯಲ್ಲಿ ಬೆಲೆ ಏರಿದಾಗ ಮಿಕ್ಕದ್ದನ್ನು ಹೆಡ್ ಮಾಸ್ಟರ್ ಜೇಬಿನಿಂದ ಹಾಕುವ ಹಾಗೆ ಮಾಡಿದ್ದೀರಿ. ಇಬ್ಬರೇ ಟೀಚರುಗಳ ಶಾಲೆಯಲ್ಲಿ ಒಬ್ಬರು ಟ್ರೇ ಹೊತ್ತು ತರಲು ಪೇಟೆಗೆ ಹೋದರೆ ಕ್ಲಾಸು ನೋಡುವವರು ಯಾರು?

ಹಾಗಾದರೆ ಏನು ಮಾಡಲಿ ಎನ್ನುತ್ತೀರಿ. ಒಂದು ತಾಲ್ಲೂಕು ಹಿಡಿಯಿರಿ. ಕೋಟೆಯೇ ಆಗಲಿ, ಯಾದಗಿರಿ ಕಡೆಯ ಒಂದು ತಾಲ್ಲೂಕಾದರೂ ಆಗಲಿ. ಜೂನ್‌ನಲ್ಲಿ ಹೊರಗಿನವರು ಬಂದು ಎರಡರಿಂದ ಐದನೇ ಕ್ಲಾಸಿನ ಪ್ರತಿ ಮಗುವಿಗೆ ಒಂದು ಪುಟ ಓದಿಸಲಿ, ನಾಲ್ಕು ಲೆಕ್ಕ ಮಾಡಿಸಲಿ. ಮಾರ್ಚ್‌ನಲ್ಲಿ ಅವರೇ ಮತ್ತೆ ಬರಲಿ. ನಡುವೆ ಆ ತಾಲ್ಲೂಕಿನ ಟೀಚರುಗಳಿಗೆ ಬೇರೆ ಯಾವ ಕೆಲಸವೂ ಬೇಡ. ನಮೂನೆ ತುಂಬಲು ಕ್ಲಸ್ಟರಿಗೆ ಒಬ್ಬ ಗುಮಾಸ್ತರನ್ನು ಕೊಡಿ. ಮಕ್ಕಳು ದಾಟಿದ ದೂರ ನೋಡಿ ಬೋನಸ್ ಕೊಡಿ, ತೀರಾ ದೊಡ್ಡ ಮೊತ್ತ ಬೇಡ. ದುಡ್ಡೇ ಆಗಬೇಕೆಂದಿಲ್ಲ. ಸಿ ವಲಯದಲ್ಲಿ, ಅಂದರೆ ಪೇಟೆಯಿಂದ ದೂರದ ಹಳ್ಳಿಗಳಲ್ಲಿ, ಹಾಗೆ ದುಡಿದವರಿಗೆ ವರ್ಗಾವಣೆಯಲ್ಲಿ ಒಂದಿಷ್ಟು ಆದ್ಯತೆ ಕೊಟ್ಟರೆ, ನಂಬಿ, ಬೋನಸ್ಸಿಗಿಂತ ಜಾಸ್ತಿ ಕೆಲಸ ಮಾಡುತ್ತದೆ. ಗಂಡ ಒಂದೂರು, ಮಕ್ಕಳು ಇನ್ನೊಂದೂರು ಎಂದು ಹತ್ತು ವರ್ಷ ಕಳೆದವರನ್ನು ಕೇಳಿ ನೋಡಿ. ದೂರ ದಾಟದಿದ್ದರೆ ನೋಟಿಸು ಬೇಡ, ಯಾಕೆ ಎಂದು ಕೇಳಲು ಒಬ್ಬ ಒಳ್ಳೆಯ ಟೀಚರನ್ನು ಕಳಿಸಿ. ಎರಡು ವರ್ಷ ನೋಡಿ. ಕೆಲಸ ಮಾಡಲಿಲ್ಲ ಎಂದರೆ ಬಿಟ್ಟುಬಿಡಿ, ನಾನೇನೂ ಹಟ ಹಿಡಿಯುವುದಿಲ್ಲ.

ನನ್ನ ಜಾಗಕ್ಕೆ ಈಗ ಒಬ್ಬ ಅತಿಥಿ ಶಿಕ್ಷಕಿ ಬಂದಿದ್ದಾಳೆ. ರಾಜ್ಯದಲ್ಲಿ ಐವತ್ತು ಸಾವಿರದ ಆಸುಪಾಸು ಜನರಿರುವ ಅಂಥ ಅತಿಥಿ ಶಿಕ್ಷಕರಿಂದಲೇ ತಾನೇ ಈಗ ನಿಮ್ಮ ಶಾಲೆಗಳು ನಡೆಯುತ್ತಿರುವುದು? ತಿಂಗಳಿಗೆ ಸುಮಾರು ಹನ್ನೆರಡು ಸಾವಿರ ಗೌರವಧನ, ಬೇಸಿಗೆ ರಜೆಯಲ್ಲಿ ಅದೂ ಇಲ್ಲ. ಆಂಧ್ರದ ಬೋನಸ್ಸಿನ ಕಥೆ ಹೇಳಿದರೆ ಅವಳು ನಕ್ಕಳು. 'ಮಿಸ್, ಸಂಬಳವೇ ಇಲ್ಲದವರಿಗೆ ಬೋನಸ್ ಯಾವುದರ ಮೇಲೆ ಲೆಕ್ಕ ಹಾಕ್ತಾರೆ?' ಎಂದಳು. ಮೊನ್ನೆ ನಾನು ಹೋದಾಗ ಅವಳು ನನ್ನ ಹಳೆ ಕ್ಯಾಲೆಂಡರ್ ಕಾರ್ಡುಗಳನ್ನು ಬೀರುವಿನಿಂದ ತೆಗೆದು, ಧೂಳು ಒರೆಸಿ, ಮಕ್ಕಳ ಮುಂದೆ ಹರಡಿಕೊಂಡು ಕೂತಿದ್ದಳು. ಎರಡು ಕಾರ್ಡಿಗೆ ಹೊಸದಾಗಿ ಬಣ್ಣವನ್ನೂ ಹಚ್ಚಿದ್ದಳು. ಯಾರೂ ಹೇಳಿರಲಿಲ್ಲ.

ಅವಳ ಮೂರು ತಿಂಗಳ ಗೌರವಧನ ಇನ್ನೂ ಬಂದಿಲ್ಲ ಸರ್. ಮೊದಲು ಅದನ್ನು ಕೊಡಿಸಿ. ಪ್ರಶಸ್ತಿಯ ವಿಚಾರ ಆಮೇಲೆ ಮಾತಾಡೋಣ.

ಇಂತಿ,
ಒಬ್ಬ ನಿವೃತ್ತ ಸಹಶಿಕ್ಷಕಿ